ಇನ್ನೊಂದು ಚಿತ್ರ

ಬಟಾಣಿ ಸೂಪಿನ ತಟ್ಟೆಯ ಅಂಚಿಗೆ ಅರೆದ ಸಾಸಿವೆ ಹಚ್ಚಿಕೊಳ್ಳುತ್ತ ಈನಾ ಕೇಳಿದ ಪ್ರಶ್ನೆ, ಹನ್ನೊಂದರ ಊಟ ಮುಗಿದು ಮೂರು ತಾಸಾದರೂ ಇಲ್ಪೊನ ಗಂಟಲಿನಿಂದ ಕೆಳಗಿಳಿದಿರಲಿಲ್ಲ. "ಇಲ್ಪೊ, ಬೇಜಾರು ಮಾಡ್ಕೋಬೇಡಿ, ನೀವಿಲ್ಲಿ ಏನು ಕೆಲಸ ಮಾಡ್ತೀರಿ ಅಂತ ನಂಗೆ ಇವತ್ತಿಗೂ ಸರಿಯಾಗಿ ಗೊತ್ತಾಗಿಲ್ಲ." ಕುಹಕದಿಂದ ಕೇಳಿದ್ದರೆ ಚೆನ್ನಾಗಿತ್ತು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಪುರಸಭೆಯ ಭೂಮಾಪನ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬಂದು ಎಂಟು ತಿಂಗಳು, ವಯಸ್ಸು ಇಪ್ಪತ್ತೊಂಬತ್ತು, ಎಲ್ಲರ ಮಕ್ಕಳ ಹೆಸರನ್ನೂ ಬಾಯಿಪಾಠ ಮಾಡಿಕೊಂಡಿರುವವಳು. ಮೇಜಿನ ಸುತ್ತ ಆರು ಜನರಿದ್ದರು. ಆರೂ ಜನ ಒಟ್ಟಿಗೆ ತಮ್ಮ ತಟ್ಟೆಯೊಳಗೆ ಏನನ್ನೋ ಹುಡುಕತೊಡಗಿದರು. "ನಕ್ಷೆಗಳು" ಎಂದಿದ್ದ ಇಲ್ಪೊ. "ನಕ್ಷೆಗಳೆಲ್ಲ ಈಗ ಕಂಪ್ಯೂಟರಲ್ಲೇ ಇವೆಯಲ್ಲ?" "ಹಳೆಯವು" ಎಂದು ಒಂದು ಚಮಚ ಸೂಪು ಬಾಯಿಗಿಟ್ಟುಕೊಂಡಿದ್ದ, ನಾಲಿಗೆ ಸುಟ್ಟಿತ್ತು, ಸುಟ್ಟಿದ್ದನ್ನು ತೋರಿಸಿಕೊಳ್ಳದೆ ನುಂಗಿದ್ದ. ಈಗ ನೆಲಮಾಳಿಗೆಯ ಕೋಣೆಯಲ್ಲಿ, ಉದ್ದುದ್ದ ಚಪ್ಪಟೆ ಡ್ರಾಯರುಗಳ ನಡುವೆ ಕೂತು, ಹೇಳಬೇಕಾಗಿದ್ದ ಉತ್ತರಗಳನ್ನು ಒಂದೊಂದಾಗಿ ಹೊಸೆಯುತ್ತಿದ್ದ. ಈ ಊರಿನ ಯಾವ ಮನೆಯ ಕೆಳಗೆ ಯಾವ ಹಳ್ಳ ಮುಚ್ಚಿಹೋಗಿದೆಯೆಂದು ಹೇಳಬಲ್ಲವನು ನಾನೊಬ್ಬನೇ, ಎನ್ನಬಹುದಿತ್ತು. ನಿಮ್ಮ ಕಾರು ನಿಲ್ಲುವ ಜಾಗ ಹಿಂದೆ ಜೌಗು ಕಣ್ರೀ, ಎನ್ನಬಹುದಿತ್ತು. ಒಂದೊಂದು ಉತ್ತರವೂ ಹಿಂದಿನದಕ್ಕಿಂತ ಸೊಗಸಾಗಿತ್ತು. ಕೇಳಿಸಿಕೊಳ್ಳಲು ಡ್ರಾಯರುಗಳಿದ್ದವು.

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಎಂದಿನಂತೆ ಸುವಾಂತೊ ತೆರೆದಿತ್ತು. ಅದು ಬರೀ ಅಕ್ಷರದ ಆಟ. ಕಪ್ಪು ಪರದೆ, ಬಿಳಿ ಅಕ್ಷರ. ಉತ್ತರಕ್ಕೆ ಹೋಗಬೇಕಾದರೆ 'ಉತ್ತರ' ಎಂದು ಟೈಪು ಮಾಡಬೇಕು, ಬರೀ 'ಉ' ಎಂದರೂ ಸಾಕು. ಹೋದರೆ ಅಲ್ಲೊಂದು ಸೇತುವೆಯಿದೆ ಎಂದು ಆಟ ನಾಲ್ಕು ಸಾಲಿನಲ್ಲಿ ಹೇಳುತ್ತದೆ. ಸೇತುವೆ ಇರುವುದು ಅಷ್ಟರಲ್ಲೇ. ಇಲ್ಪೊ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ವಿಶ್ವವಿದ್ಯಾಲಯದ ಕಂಪ್ಯೂಟರು ಕೋಣೆಗಳಿಂದ ಒಂದೇ ಹೊತ್ತಿಗೆ ನಾನೂರು ಜನ ಅದರೊಳಗೆ ಇರುತ್ತಿದ್ದರು. ಈಗ ಗುರುವಾರ ಮಧ್ಯಾಹ್ನ ಎರಡಕ್ಕೆ ಹನ್ನೊಂದು ಮಂದಿ. ಉಳಿದವರಿಗೆ ಮದುವೆಯಾಯಿತು, ಕೆಲಸ ಸಿಕ್ಕಿತು, ಬಣ್ಣಬಣ್ಣದ ಆಟಗಳು ಬಂದವು. ಇಲ್ಪೊನಿಗೆ ಸಿಕ್ಕಿದ್ದು ಕೆಲಸವೊಂದೇ. ಆಟದಲ್ಲಿ ಅವನು ಮಾಂತ್ರಿಕ, ಅಂದರೆ ಬರೀ ಆಡುವವನಲ್ಲ, ಆಟವನ್ನು ಕಟ್ಟುವವನು ಮತ್ತು ಕಾಯುವವನು. ಆಟದಲ್ಲಿ ಒಂದೊಂದು ಜಾಗವೂ ಒಂದು ಕೋಣೆ. ಎಪ್ಪತ್ನಾಲ್ಕು ಕೋಣೆಗಳ ಒಂದು ಕಾಡನ್ನು ಅವನು ಅಕ್ಷರದಲ್ಲಿ ಬರೆದಿದ್ದಾನೆ, ಒಂದೊಂದು ಸ್ಪ್ರೂಸ್ ಮರದ ಬುಡದ ಪಾಚಿಯನ್ನೂ ಬಿಡದೆ. ಹನ್ನೊಂದು ವರ್ಷ ಹಿಡಿಯಿತು. ಜನ ಅದರೊಳಗಿಂದ ಓಡಿಹೋಗುತ್ತಾರೆ: ಒಂದು ಕೀ ಒತ್ತಿದರೆ ಇಪ್ಪತ್ತೆರಡು ಹೆಜ್ಜೆ ತಾನಾಗಿ ನಡೆಯುವಂತೆ ಕಟ್ಟಿಕೊಂಡು, ಉ ಉ ಪೂ ಉ ಪೂ ಎಂದು ಕ್ಷಣದಲ್ಲಿ ಆಚೆ ದಾಟಿ, ದೈತ್ಯರಿರುವ ಬೆಟ್ಟ ಸೇರುತ್ತಾರೆ. ಪಾಚಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡು ಗಂಟೆ ಮೂರು ನಿಮಿಷಕ್ಕೆ, ಎಲ್ಲರಿಗೂ ಕಾಣುವ ಸಾಲಿನಲ್ಲಿ, ಪೀಕಿ ಎಂಬ ಆಟಗಾರ ಬರೆದ: "ಉಸ್ವಾ ನಾಲ್ಕು ನಿಮಿಷದಲ್ಲಿ ನಲವತ್ತು ದೈತ್ಯರನ್ನ ಮುಗಿಸಿದಾಳೆ. ಲೆಕ್ಕ ಹಾಕಿದೀನಿ. ಇದೇನು ಮನುಷ್ಯರ ಕೈಯಾ? ಎದ್ದುಹೋಗಿ ಯಂತ್ರಕ್ಕೆ ಆಡೋಕೆ ಬಿಟ್ಟಿದಾಳೆ. ಮಾಂತ್ರಿಕರೆಲ್ಲ ಎಲ್ಲಿ ಸತ್ರು?" ಕೆಳಗೇ ಇನ್ನೊಂದು ಸಾಲು: "ತಳ್ಳುಗಾಡಿ, ಎದ್ದಿದೀಯೇನೋ?"

ತಳ್ಳುಗಾಡಿ ಎಂದರೆ ಇಲ್ಪೊ. ಮೂರು ಬೇಸಿಗೆಯ ಹಿಂದೆ, ಸುವಾಂತೊದವರೆಲ್ಲ ವರ್ಷಕ್ಕೊಮ್ಮೆ ಸೇರುವ ಕೂಟಕ್ಕೆ, ಕೆರೆಯ ಪಕ್ಕದ ಮರದ ಮನೆಗೆ, ಉಸ್ವಾ ಮೊದಲ ಸಲ ಬಂದಿದ್ದಳು. ನಿಜವಾದ ಹೆಸರು ಮಾರ್ಯುಕ್ಕಾ, ಕುವೊಪಿಯೊ ಪಟ್ಟಣದಲ್ಲಿ ಮಸಾಜು ಮಾಡುವವಳು, ಅಗಲ ಭುಜ, ಗಟ್ಟಿ ನಗು, ಕೈಯಲ್ಲಿ ಬಿಳಿ ಕೋಲು. ಅವಳಿಗೆ ಕಣ್ಣು ಕಾಣುವುದಿಲ್ಲವೆಂದು ಹದಿನಾಲ್ಕು ವರ್ಷ ಜೊತೆಗೆ ಆಡಿದ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಅಲ್ಲಿ ಎಲ್ಲರೂ ಅಕ್ಷರವೇ. ಬಸ್ಸು ನಿಲ್ದಾಣದಿಂದ ಅವಳನ್ನು ಕರೆತರುವ ಕೆಲಸ ಇಲ್ಪೊನಿಗೆ ಬಿತ್ತು. ದಾರಿಯಲ್ಲಿ ಬೇರುಗಳು ಎದ್ದಿದ್ದವು. ಅವನು ಒಳ್ಳೆಯ ಮನಸ್ಸಿನಿಂದಲೇ ಅವಳ ಬೆನ್ನಿಗೆ ಅಂಗೈ ಹಚ್ಚಿ ಮುಂದಕ್ಕೆ ಒತ್ತಿಕೊಂಡು ಬಂದ. ಜಗುಲಿಯಲ್ಲಿ ಹದಿನೈದು ಜನ ಬಿಯರು ಹಿಡಿದು ಕೂತಿದ್ದರು. "ಯಪ್ಪಾ!" ಎಂದಳು ಮಾರ್ಯುಕ್ಕಾ ಮೆಟ್ಟಿಲು ಹತ್ತುತ್ತಲೇ, "ಮೊಣಕೈ ಕೊಡೋ ಮಾರಾಯ ಅಂದ್ರೆ ಬೆನ್ನಿಗೆ ಕೈ ಹಚ್ಚಿ ತಳ್ತಾನಲ್ಲ, ನಾನೇನು ತಳ್ಳುಗಾಡಿನಾ?" ಹದಿನೈದು ಜನ ಹೊಟ್ಟೆ ಹಿಡಿದು ನಕ್ಕರು. ಇಲ್ಪೊನೂ ನಕ್ಕ, ಎಲ್ಲರಿಗಿಂತ ಜೋರಾಗಿ, ಬೇರೆ ದಾರಿಯೇನಿತ್ತು. ಹೆಸರು ತಳ್ಳಿಸಿಕೊಂಡವಳಿಗೆ ಅಂಟಲಿಲ್ಲ, ತಳ್ಳಿದವನಿಗೆ ಅಂಟಿತು. ಮರುದಿನದಿಂದ ಆಟದಲ್ಲಿ ಯಾರೂ ಅವನನ್ನು ಬೇರೆ ಹೆಸರಿನಿಂದ ಕರೆದಿಲ್ಲ. ಕೂಟಕ್ಕೆ ಬಾರದವರೂ, ಕತೆ ಗೊತ್ತಿಲ್ಲದವರೂ, ಮೊನ್ನೆ ಮೊನ್ನೆ ಸೇರಿದ ಹುಡುಗರೂ.

ಅದೇ ಸಂಜೆ ಹಬೆಸ್ನಾನದ ಸೌನಾದಿಂದ ಬಂದು, ಒದ್ದೆ ಕೂದಲಿನಲ್ಲಿ ಟವೆಲು ಸುತ್ತಿಕೊಂಡು, ಅವಳು ತನ್ನ ಕಂಪ್ಯೂಟರನ್ನು ಅವನಿಗೆ ತೋರಿಸಿದ್ದಳು. ಪರದೆಯ ಮೇಲಿನದನ್ನು ಓದಿ ಹೇಳುವ ಧ್ವನಿ ಅದರಲ್ಲಿತ್ತು, ಎಷ್ಟು ವೇಗವೆಂದರೆ ಬೆಂಕಿಪೊಟ್ಟಣದಲ್ಲಿ ಜೇನುನೊಣ ಹಾಕಿದ ಹಾಗೆ ಬರೀ ಗುಂಯ್. "ನೀವೆಲ್ಲ ಒಂದು ಸಲ ಕಣ್ಣು ಹಾಯ್ಸಿದ್ರೆ ಆಯ್ತು. ನಂಗೆ ಒಂದೊಂದು ಸಾಲೂ ಕಿವೀಲೇ ಹೋಗ್ಬೇಕಲ್ಲ. ಅದಕ್ಕೇ ಎಲ್ಲಾನೂ ಕೀಗೆ ಕಟ್ಟಿಟ್ಟಿದೀನಿ. ದೈತ್ಯನ ಬಡಿಯೋದಕ್ಕೆ ಒಂದು ಕೀ, ಲೂಟಿ ಎತ್ಕೊಳೋದಕ್ಕೆ ಒಂದು, ಮುಂದಿನವನ ಹತ್ರ ಹೋಗೋದಕ್ಕೆ ಒಂದು. ಬೇಡದ ಮಾತೆಲ್ಲ ಬಾಯಿ ಮುಚ್ಚಿಸಿಬಿಟ್ಟಿದೀನಿ." ಆಮೇಲೆ ಧ್ವನಿಯನ್ನು ನಿಧಾನ ಮಾಡಿ, ಅವನ ಕಾಡಿನ ಒಂದು ಕೋಣೆಯನ್ನು ಓದಿಸಿದಳು. ತಗಡಿನಂಥ ಹೆಣ್ಣು ಧ್ವನಿಯೊಂದು ಅವನ ಪಾಚಿಯನ್ನು, ಅವನ ಓರೆ ಬೆಳಕನ್ನು ಒಂದಕ್ಷರ ಬಿಡದೆ ಓದಿತು. ಅವನ ಕಿವಿ ಕೆಂಪಾಯಿತು. "ನಿನ್ನ ಕಾಡನ್ನ ಮಾತ್ರ ನಾನು ಬಾಯಿ ಮುಚ್ಚಿಸಿಲ್ಲ. ಎಪ್ಪತ್ನಾಲ್ಕೂ ಕೇಳಿದೀನಿ. ಚೆನ್ನಾಗಿದೆ. ಆದ್ರೆ ಒಂದು ಸದ್ದಿಲ್ಲ ಅಲ್ವೋ ಅಲ್ಲಿ, ಒಂದು ವಾಸನೆ ಇಲ್ಲ. ಕಿವುಡ ಬರೆದ ಹಾಗಿದೆ." ಹೇಳಿ ಅವನ ಭುಜಕ್ಕೆ ಗುದ್ದಿ ಸಾಸೇಜು ಸುಡುವಲ್ಲಿಗೆ ಹೋದಳು. ಅಲ್ಲಿಗೆ ಹೋಗಲು ಬೇರೆ ಯಾರದೋ ಮೊಣಕೈ ಹಿಡಿದಳು. ಇಲ್ಪೊ ವಾರಗಟ್ಟಲೆ ಕುದಿದ. ಕುದಿದು, ಮೂವತ್ತೊಂದನೆಯ ಕೋಣೆಯಲ್ಲಿ ಒಂದು ಮರಕುಟಿಗವನ್ನು ಬರೆದಿಟ್ಟ. ಮೂರು ದಿನದ ಮೇಲೆ ಅವಳಿಂದ ಖಾಸಗಿಯಾಗಿ ಒಂದೇ ಪದ ಬಂತು: "ಕೇಳ್ತು." ಆ ಪದವನ್ನು ಅವನು ಎಷ್ಟು ಸಲ ನೋಡಿಕೊಂಡಿದ್ದಾನೆಂದು ಯಾರಿಗೂ ಹೇಳಿಲ್ಲ. ಹೇಳಲು ಯಾರಿದ್ದಾರೆ.

ಆದ್ದರಿಂದ ಎರಡು ಗಂಟೆ ಆರು ನಿಮಿಷಕ್ಕೆ ಎಫ್ ಒಂಬತ್ತನ್ನು ಒತ್ತುವಾಗ, ಒತ್ತುತ್ತಿರುವುದು ಯಾರ ಮೇಲೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಫ್ ಒಂಬತ್ತು ಪರೀಕ್ಷೆಯ ಕೀ. ಮನುಷ್ಯ ಎದ್ದುಹೋದ ಮೇಲೂ ತಾನೇ ಆಡುವ ಯಂತ್ರವನ್ನು ಸುವಾಂತೊದಲ್ಲಿ ಬಾಟ್ ಎನ್ನುತ್ತಾರೆ, ಅದು ಅಲ್ಲಿ ಕಳ್ಳತನಕ್ಕಿಂತ ದೊಡ್ಡ ಅಪರಾಧ. ಸಂಶಯ ಬಂದವರನ್ನು ಮಾಂತ್ರಿಕ ಬಾಗಿಲಿಲ್ಲದ ಕೋಣೆಗೆ ಎಳೆದುಹಾಕಿ ಒಂದು ಪ್ರಶ್ನೆ ಕೇಳುತ್ತಾನೆ. ಐದು ನಿಮಿಷದೊಳಗೆ ಸರಿಯುತ್ತರ ಬಂದರೆ ಎಫ್ ಹನ್ನೆರಡು ಒತ್ತಿ ಬಿಡುಗಡೆ ಮಾಡುತ್ತಾನೆ. ಬಾರದಿದ್ದರೆ ಆಟವೇ ಆ ಪಾತ್ರವನ್ನು ಅಳಿಸಿಬಿಡುತ್ತದೆ, ಹೆಸರು, ಕತ್ತಿ, ಮನೆ, ಗಳಿಸಿದ ವರ್ಷಗಳು ಎಲ್ಲವನ್ನೂ. ಮೊದಲು ಪದಗಳ ಪ್ರಶ್ನೆ ಕೇಳುತ್ತಿದ್ದರು. ಬಾಟ್‌ಗಳು ಪದಕ್ಕೆ ಪದ ಹೇಳುವುದನ್ನು ಕಲಿತ ಮೇಲೆ ಇಲ್ಪೊ ಚಿತ್ರಗಳನ್ನು ತಂದ: ಗೆರೆ, ಚುಕ್ಕಿ, ಆವರಣ, ಓರೆಗೀಟುಗಳನ್ನೇ ಸಾಲುಸಾಲಾಗಿ ಜೋಡಿಸಿ ಮಾಡಿದ ಪ್ರಾಣಿಗಳು, 'ಇದು ಏನು?' ಎಂಬ ಪ್ರಶ್ನೆ. ಕಣ್ಣಿದ್ದವರಿಗೆ ಸುಲಭ, ಯಂತ್ರಕ್ಕೆ ಬರೀ ಕಸ. ಪರದೆಯನ್ನು ಕಿವಿಯಲ್ಲಿ ಓದುವವರಿಗೆ ಚಿತ್ರ ಹಾಕಬಾರದು, ಅವರ ಹೆಸರಿನ ಪಟ್ಟಿಯೊಂದಿರಬೇಕು ಎಂದು ಹಿರಿಯ ಮಾಂತ್ರಿಕೆ ತೂಯಿರೆ ಕೂಟದ ಮರುವಾರವೇ ಹೇಳಿದ್ದಳು. ಉಸ್ವಾಳ ಹೆಸರು ನಾನು ಸೇರಿಸ್ತೀನಿ ಬಿಡು ಎಂದವನು ಇಲ್ಪೊ. ಸೇರಿಸಿರಲಿಲ್ಲ. ಮರೆತನೆಂದು ಹೇಳಬಹುದು. ಮೂರು ವರ್ಷ ವಾರಕ್ಕೆರಡು ಸಲ ನೆನಪಾಗುತ್ತಿದ್ದುದನ್ನು ಮರೆವು ಎನ್ನುವುದಾದರೆ.

ಉಸ್ವಾ ಬಾಗಿಲಿಲ್ಲದ ಕೋಣೆಯೊಳಗೆ ಬಿದ್ದಳು. ಇಲ್ಪೊ 'ಇಣುಕು' ಎಂದು ಟೈಪು ಮಾಡಿದ್ದರಿಂದ ಅವಳು ಕಳಿಸುವ ಒಂದೊಂದು ಸಾಲೂ ಅವನಿಗೆ ಕಾಣುತ್ತಿತ್ತು. ಮೊದಲು ಎರಡು ಸಲ 'ನೋಡು'. ಹತ್ತು ಸೆಕೆಂಡು ಬಿಟ್ಟು ಮತ್ತೆ 'ನೋಡು'. ಯಂತ್ರವಲ್ಲ, ಅವಳು ಅಲ್ಲೇ ಇದ್ದಾಳೆ ಎಂದು ಅಷ್ಟರಲ್ಲೇ ಸಾಬೀತಾಗಿತ್ತು, ಯಂತ್ರಕ್ಕೆ ದಿಗಿಲಾಗುವುದಿಲ್ಲ. ತಗಡಿನ ಧ್ವನಿ ಈಗ ಅವಳ ಕಿವಿಯಲ್ಲಿ ಓರೆಗೀಟು ಓರೆಗೀಟು ಆವರಣ ಚುಕ್ಕಿ ಚುಕ್ಕಿ ಎಂದು ಅರಚುತ್ತಿರಬೇಕು. "ಯಾರಿದು? ಪರೀಕ್ಷೆನಾ?" ಎಂದು ಬಂತು. ಬಳಿಕ, "ಇಲ್ಪೊ?" ಆಟದಲ್ಲಿ ನಿಜದ ಹೆಸರು ಬಳಸಬಾರದು, ಆದರೂ ಬಳಸಿದ್ದಳು. ಮೂರು ವರ್ಷದಲ್ಲಿ ಆ ಪರದೆಯ ಮೇಲೆ ಯಾರೂ ಬರೆಯದಿದ್ದ ಹೆಸರು. "ಇದು ಚಿತ್ರ ಕಣೋ. ನಂಗೆ ಚಿತ್ರ ಆಗಲ್ಲ, ನಿಂಗೆ ಗೊತ್ತಲ್ಲ. ಪದದ ಪ್ರಶ್ನೆ ಕೊಡು." ಪರೀಕ್ಷೆಯ ಹೊತ್ತಿನಲ್ಲಿ ಮಾಂತ್ರಿಕ ಮಾತಾಡಕೂಡದೆಂಬ ನಿಯಮವಿದೆ. ಇಲ್ಪೊ ಅದರ ಹಿಂದೆ ಕೂತ. ಒಂದು ನಿಮಿಷ ಅಂಜಲಿ, ಎಂದುಕೊಂಡ. ಒಂದೇ ನಿಮಿಷ ಅವಳಿಗೂ ತಿಳಿಯಲಿ, ಬೇರೆಯವರ ಕೈ ಬೆನ್ನ ಮೇಲಿದ್ದಾಗ ಏನನ್ನಿಸುತ್ತದೆಂದು. ಆಮೇಲೆ ಬಿಟ್ಟರಾಯಿತು. ಬೆರಳನ್ನು ಎಫ್ ಹನ್ನೆರಡರ ಮೇಲೆ ಇಟ್ಟೇ ಇದ್ದ, ಅದು ತನ್ನ ಒಳ್ಳೆಯತನಕ್ಕೆ ಸಾಕ್ಷಿಯೆಂಬಂತೆ.

ಆಗ ಬಾಗಿಲು ತಳ್ಳಿಕೊಂಡು ಹಿಲ್ಕಾ ಬಂದಳು. ಮೇಲಿನ ಕಚೇರಿಯ ಟಪಾಲು ನೋಡುವವಳು, ಅರವತ್ತೆರಡು ವರ್ಷ, ಮುಂದಿನ ಜೂನಿಗೆ ನಿವೃತ್ತಿ. ಕಾಗದದ ತಟ್ಟೆಯಲ್ಲಿ ಒಲೆಯಲ್ಲಿ ಬೇಯಿಸಿದ ಪ್ಯಾನ್‌ಕೇಕಿನ ಒಂದು ಚೌಕ, ಮೇಲೆ ಸ್ಟ್ರಾಬೆರಿ ಜಾಮು. "ಊಟ ಅರ್ಧಕ್ಕೇ ಬಿಟ್ಟು ಎದ್ದುಬಂದೆಯಲ್ಲಪ್ಪ. ಇದನ್ನ ತಿನ್ನು, ತಣ್ಣಗಾದ್ರೂ ಚೆನ್ನಾಗಿರತ್ತೆ."

"ಅಲ್ಲಿಡಿ" ಎಂದ ಇಲ್ಪೊ. ಮೂರು ನಿಮಿಷ ಹತ್ತು ಸೆಕೆಂಡು ಉಳಿದಿತ್ತು.

"ಆ ಹುಡುಗಿ ಕೇಳಿದ್ದನ್ನ ತಲೆಗೆ ಹಚ್ಕೋಬೇಡ. ಅವಳಿಗೇನು ಗೊತ್ತು ನಿನ್ನೆ ಮೊನ್ನೆ ಬಂದವಳಿಗೆ. ನಮಗೆಲ್ಲ ಗೊತ್ತಿದೆಯಲ್ಲ ನೀನಿಲ್ಲಿ..." ಹಿಲ್ಕಾ ಪದಕ್ಕಾಗಿ ಡ್ರಾಯರುಗಳ ಕಡೆ ನೋಡಿದಳು, ಸೂರಿನ ಕಡೆ ನೋಡಿದಳು. "ನೀನಿಲ್ಲೇ ಇರ್ತೀಯ ಅಂತ."

ಅವಳು ಒಳ್ಳೆಯವಳು. ಇಡೀ ಕಟ್ಟಡದಲ್ಲಿ ಅವನಿಗಾಗಿ ಪ್ಯಾನ್‌ಕೇಕು ಎತ್ತಿಟ್ಟವಳು ಇವಳೊಬ್ಬಳೇ, ಅವಳಿಗೂ ಸಿಕ್ಕ ಪದ ಅಷ್ಟೇ. ಇಲ್ಪೊನ ಕೈ ಕೀಬೋರ್ಡಿನಿಂದ ತೊಡೆಯ ಮೇಲೆ ಬಂತು. ಹಿಲ್ಕಾ ಕನ್ನಡಕ ಏರಿಸಿ ಪರದೆಗೆ ಬಗ್ಗಿದಳು. "ಅದೇನದು, ನೀನು ಬರ್ದಿದ್ದಾ? ಅಕ್ಷರದಲ್ಲೇ? ಅಬ್ಬ! ಎಷ್ಟು ಚೆನ್ನಾಗಿದೆ ಕಾಫಿ ಕೆಟ್ಲು."

"ಕೆಟ್ಲಾ?"

"ಅಲ್ವಾ ಮತ್ತೆ? ಇದು ಹಿಡಿ, ಇದು ಮೂತಿ." ಅವಳು ಬೆರಳಿನಿಂದ ಅಳಿಲಿನ ಬಾಲವನ್ನು ಸವರಿದಳು, ಆಮೇಲೆ ಅದರ ಮುಂಗಾಲನ್ನು. ಎರಡು ಸಂಜೆ ಕೂತು ಮಾಡಿದ ಬಾಲ. ಕಿವಿಯ ತುದಿಗೆ ಚಳಿಗಾಲದ ಕೂದಲು ಬೇಕೆಂದು ಏಳು ಬಗೆಯ ಚಿಹ್ನೆ ಹಾಕಿ ತೆಗೆದಿದ್ದ. "ಹೌದು, ಕೆಟ್ಲೇ" ಎಂದ ಇಲ್ಪೊ. "ನೋಡಿದ್ಯಾ, ಒಂದೇ ನೋಟಕ್ಕೆ ಹೇಳ್ಬಿಟ್ಟೆ" ಎಂದು ಹಿಲ್ಕಾ ಹಿಗ್ಗಿದಳು. "ಫೋರ್ಕು ತಂದಿಲ್ಲ, ಕೈಯಲ್ಲೇ ತಿನ್ನು" ಎಂದು ಬಾಗಿಲು ಎಳೆದುಕೊಂಡು ಹೋದಳು. ಮೆಟ್ಟಿಲ ಮೇಲೆ ಅವಳ ಉಣ್ಣೆ ಚಪ್ಪಲಿಯ ಸದ್ದು ಬಹಳ ಹೊತ್ತು ಕೇಳಿಸಿತು.

ಒಂದು ನಿಮಿಷ ನಲವತ್ತು. ಪರದೆಯಲ್ಲಿ ಉಸ್ವಾಳಿಂದ ಹೊಸ ಸಾಲೊಂದೂ ಇರಲಿಲ್ಲ. ಕೈಚೆಲ್ಲಿದಳೇ? ಬಾಟ್ ಎಂದು ಆರೋಪ ಹೊತ್ತವಳು ಸುಮ್ಮನಿರಬಾರದು, ಸುಮ್ಮನಿದ್ದರೆ ದಾಖಲೆಯಲ್ಲಿ ಬಾಟ್‌ನಂತೆಯೇ ಕಾಣುತ್ತದೆ, ಅಷ್ಟೂ ಗೊತ್ತಿಲ್ಲವೇ ಅವಳಿಗೆ ಎಂದು ಇಲ್ಪೊನಿಗೆ ಸಿಟ್ಟು ಬಂತು. ಬೇಡಿಕೊಳ್ಳುತ್ತಾಳೆಂದು ಕಾದಿದ್ದ. ಬೇಡಿಕೊಂಡಿದ್ದರೆ ಬಿಡುತ್ತಿದ್ದ, ಖಂಡಿತ ಬಿಡುತ್ತಿದ್ದ. ಆಮೇಲೆ ಅವನಿಗೆ ಹೊಳೆಯಿತು, ಕೂಟದ ಆ ಸಂಜೆ ಅವಳ ಕೀಬೋರ್ಡಿನ ಮುಂದೆ ಬ್ರೈಲಿನ ಒಂದು ಉದ್ದನೆಯ ಪಟ್ಟಿಯನ್ನು ಕಂಡಿದ್ದ, ಪರದೆಯ ಒಂದೊಂದು ಸಾಲೂ ಅದರ ಮೇಲೆ ಉಬ್ಬು ಚುಕ್ಕಿಗಳಾಗಿ ಏಳುತ್ತಿತ್ತು. ಕುವೊಪಿಯೊದಲ್ಲೆಲ್ಲೋ, ಮಸಾಜಿನ ಮಂಚದ ಪಕ್ಕದಲ್ಲಿ, ಎಣ್ಣೆ ಒರೆಸಿಕೊಂಡ ಎರಡು ಕೈ ಈಗ ಅವನ ಅಳಿಲನ್ನು ಸಾಲಿಗೊಂದು ಸಲ ಸವರುತ್ತಿವೆ. ಹದಿನಾಲ್ಕು ಸಾಲು. ಒಂದು ಸಾಲನ್ನು ನೆನಪಿಟ್ಟುಕೊಂಡು ಅದರ ಕೆಳಗೆ ಇನ್ನೊಂದನ್ನು ಕೂರಿಸಿ, ಎಲ್ಲಿ ಬಾಗಿತು, ಎಲ್ಲಿ ಕೂಡಿತು ಎಂದು ತಲೆಯೊಳಗೆ ಜೋಡಿಸುತ್ತ. ಅದು ಆಗುವ ಮಾತಲ್ಲ.

"ಹಿಂದೆ ದಪ್ಪನೆ ಬಾಲ. ಮೇಲಕ್ಕೆ ಹೋಗಿ ಬೆನ್ನಿನ ಮೇಲೆ ಬಾಗಿದೆ" ಎಂದು ಸಾಲು ಬಂತು. ಐವತ್ತೆಂಟು ಸೆಕೆಂಡು. "ಕಿವಿ ತುದೀಲಿ ಕೂದಲು." ಐವತ್ತೊಂದು. "ಅಳಿಲು."

ಇಲ್ಪೊನಿಗೆ ಆದದ್ದು ಸಂತೋಷ, ಬೇರೇನಲ್ಲ. ಅವನ ಅಳಿಲನ್ನು ಒಬ್ಬರು ನೋಡಿದ್ದರು. ಬಾಲದಿಂದ ಕಿವಿಯ ತುದಿಯವರೆಗೆ, ಅವನು ಮಾಡಿದ ಕ್ರಮದಲ್ಲೇ, ಏನನ್ನೂ ಬಿಡದೆ ನೋಡಿದ್ದರು. ಎಪ್ಪತ್ನಾಲ್ಕು ಕೋಣೆ ಬರೆದವನು ಹನ್ನೊಂದು ವರ್ಷ ಕಾದಿದ್ದು ಇದಕ್ಕೇ. ಆದರೆ ಆ ಒಬ್ಬರು ಇವಳಾಗಬೇಕಿತ್ತೇ? ಕಣ್ಣಿದ್ದವರ ಪೈಕಿ ಒಬ್ಬರೂ ಸಿಗಲಿಲ್ಲವೇ? ಕೆಟ್ಲು ಎಂದವಳ ಜಾಮು ತಟ್ಟೆಯ ಮೇಲೆ ಹೊಳೆಯುತ್ತಿತ್ತು. ಇವಳನ್ನು ಈಗ ಬಿಟ್ಟರೆ ನಾಳೆ ಎಲ್ಲರ ಮುಂದೆ ಹೇಳುತ್ತಾಳೆ, ಆ ಗಟ್ಟಿ ನಗುವಿನಲ್ಲಿ: ತಳ್ಳುಗಾಡಿ ಕುರುಡಿಗೆ ಚಿತ್ರ ತೋರಿಸಿದ, ನಾನು ಅದನ್ನೂ ಹೇಳ್ಬಿಟ್ಟೆ. ಹದಿನೈದು ಜನ ನಗುತ್ತಾರೆ. ಹೀಗೆಲ್ಲ ಅವನು ಆಗಲೇ ಯೋಚಿಸಿದನೋ, ಆಮೇಲೆ ಜೋಡಿಸಿಕೊಂಡನೋ ಹೇಳುವುದು ಕಷ್ಟ. ಬೆರಳು ಎಫ್ ಹತ್ತನ್ನು ಒತ್ತಿತು. ಎಫ್ ಹತ್ತು ಇರುವುದು, ಚಿತ್ರ ಮುರಿದು ಬಂತೆಂದು ಯಾರಾದರೂ ದೂರಿದರೆ ಇನ್ನೊಂದು ಚಿತ್ರ ಕೊಡುವುದಕ್ಕೆ. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಎಫ್ ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಇನ್ನೊಂದು ಕೀ ಇದೆ. ಬೆರಳು ಜಾರಿತು ಎನ್ನಲು ಅದೊಂದೇ ಅಡ್ಡಿ.

ಇನ್ನೊಂದು ಚಿತ್ರ ಬಂತು. ಬಂದದ್ದನ್ನು ಕಂಡು ಇಲ್ಪೊನೇ ಬೆಚ್ಚಿದ. ಅದು ಚಿತ್ರವೇ ಅಲ್ಲ. ಮಂಗಳವಾರ ಏನನ್ನೋ ಮಾಡಹೊರಟು, ಈನಾಳ ಸಭೆಗೆ ಕರೆ ಬಂದು ಬಿಟ್ಟೆದ್ದ ಐದು ಸಾಲು: ನಾಲ್ಕಾರು ಓರೆಗೀಟು, ಒಂದು ಮುರುಕು ಆವರಣ, ಚುಕ್ಕಿಗಳು. ಏನು ಮಾಡಹೊರಟಿದ್ದೆನೆಂದು ಅವನಿಗೇ ನೆನಪಿಲ್ಲ. ಕೆಳಗೆ ಎಂದಿನಂತೆ ಪ್ರಶ್ನೆ: ಇದು ಏನು? "ಮತ್ತೊಂದಾ?" ಎಂದಳು ಉಸ್ವಾ. ಸೆಕೆಂಡು ಇಳಿಯುತ್ತಿತ್ತು. ಇಪ್ಪತ್ತೈದು. ಎಫ್ ಹನ್ನೆರಡು ಒತ್ತಬಹುದಿತ್ತು. ಹದಿನೈದು. ಈಗಲೂ ಒತ್ತಬಹುದಿತ್ತು, ಈಗ ಒತ್ತಿದರೆ ಎಫ್ ಹತ್ತು ಯಾಕೆ ಒತ್ತಿದೆ ಎನ್ನುತ್ತಾಳೆ. ಎಂಟು. "ಇಲ್ಪೊ, ಇದರಲ್ಲಿ ಏನಿದೆ ಹೇಳು" ಎಂಬ ಸಾಲು ಬಂತು, ಅದರ ಕೆಳಗೆ ಆಟದ ಸಾಲು: ಉಸ್ವಾ ಇನ್ನಿಲ್ಲ. ಹದಿನೇಳು ವರ್ಷ, ಎರಡು ತಿಂಗಳು, ನಾಲ್ಕು ದಿನ.

ಎಲ್ಲರಿಗೂ ಕಾಣುವ ಸಾಲಿನಲ್ಲಿ ಪೀಕಿ ಚಪ್ಪಾಳೆ ಬರೆದ. "ಭಲೇ ತಳ್ಳುಗಾಡಿ! ಹೇಳ್ಲಿಲ್ವಾ ನಾನು, ಬಾಟು ಅಂತ!" ಇನ್ನಿಬ್ಬರು ಹ್ಹಹ್ಹ ಎಂದರು. ನಾಲ್ಕು ನಿಮಿಷದ ಮೇಲೆ ತೂಯಿರೆಯಿಂದ ಖಾಸಗಿ ಮಾತು ಬಂತು. ಅವಳು ಓಲು ಎಂಬ ಊರಿನಲ್ಲಿ ದಾದಿ, ಅಲ್ಲೇ ಇರುವ, ಸುವಾಂತೊ ಓಡುವ ಯಂತ್ರದ ಬೀಗ ಅವಳ ಕೈಯಲ್ಲಿ.

"ಉಸ್ವಾನ ಅಳ್ಸಿದ್ಯಾ? ಏನಾಯ್ತು?"

"ಉತ್ತರ ಬರ್ಲಿಲ್ಲ."

"ಅವಳಿಗೆ ಚಿತ್ರ ಹಾಕೋ ಹಾಗಿಲ್ವಲ್ಲೋ."

"ಪಟ್ಟಿಯಲ್ಲಿ ಹೆಸರಿಲ್ಲ" ಎಂದು ಬರೆದ ಇಲ್ಪೊ. ಅಕ್ಷರಶಃ ನಿಜ. ನಿಜ ಇಷ್ಟು ಕೆಲಸಕ್ಕೆ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ನೀನೇ ಸೇರಿಸ್ತೀನಿ ಅಂದಿದ್ದೆ. ಇರ್ಲಿ. ನಾನು ವಾರ್ಡಲ್ಲಿದೀನಿ. ಪರೀಕ್ಷೆಯ ದಾಖಲೆ ಕಳಿಸು, ತಪ್ಪು ಅಂತ ಕಂಡ್ರೆ ನಿನ್ನೆಯ ನಕಲಿಂದ ಅವಳನ್ನ ಎತ್ತಿ ವಾಪಸ್ ಇಡ್ತೀನಿ. ನಾಲ್ಕು ಗಂಟೆ ಒಳಗೆ ಕಳಿಸ್ಬೇಕು ಮತ್ತೆ. ನಾಲ್ಕಕ್ಕೆ ಹೊಸ ನಕಲು ಹಳೇದರ ಮೇಲೇ ಕೂತ್ಕೊಳತ್ತೆ, ಆಮೇಲೆ ದೇವ್ರು ಬಂದ್ರೂ ಆಗಲ್ಲ."

ದಾಖಲೆ ತೆರೆದ. ಎಲ್ಲವೂ ಇತ್ತು, ಸೆಕೆಂಡು ಸಮೇತ. ಪದದ ಪ್ರಶ್ನೆ ಕೊಡು ಎಂದದ್ದು. ಬಾಲ. ಕೂದಲು. ಅಳಿಲು. ಅದರ ಕೆಳಗೆ, ಒಂಬತ್ತು ಸೆಕೆಂಡಿನ ಮೇಲೆ, ಮಾಂತ್ರಿಕನಿಂದ ಇನ್ನೊಂದು ಚಿತ್ರ. ಒಂಬತ್ತು ಸೆಕೆಂಡು! ಒಂದು ಕ್ಷಣವೆಂದುಕೊಂಡಿದ್ದ. ಮಿಂಚಂಚೆಯ ಕಾಗದಕ್ಕೆ ದಾಖಲೆ ಲಗತ್ತಿಸಿ, ತೂಯಿರೆಯ ಹೆಸರು ಹಾಕಿ, ವಿಷಯದ ಜಾಗದಲ್ಲಿ 'ತಪ್ಪು' ಎಂದು ಬರೆದು, ಅಳಿಸಿ, 'ಉಸ್ವಾ' ಎಂದು ಬರೆದ. ಕಳಿಸಿದರೆ ಅವಳು ಹದಿನೈದು ನಿಮಿಷದಲ್ಲಿ ಬದುಕುತ್ತಾಳೆ. ಕಳಿಸಿದರೆ ತಾನು ಸಂಜೆಯೊಳಗೆ ಮಾಂತ್ರಿಕನಲ್ಲ. ಕಾಡು ಉಳಿಯುತ್ತದೆ, ಅದರ ಬಾಗಿಲಿನಲ್ಲಿ ಬೇರೆ ಯಾರದೋ ಹೆಸರು ಬರುತ್ತದೆ. ಅಲ್ಲೂ ಒಂದು ದಿನ ಯಾರಾದರೂ ಸೂಪು ಕುಡಿಯುತ್ತ ಕೇಳುತ್ತಾರೆ, ನೀವಿಲ್ಲಿ ಏನು ಕೆಲಸ ಮಾಡ್ತೀರಿ. ಕಿಟಕಿಯ ಮಟ್ಟದಲ್ಲಿದ್ದ ಹಿಮ ನೀಲಿಯಾಗಿತ್ತು. ಮೂರು ಗಂಟೆಗೇ ಬೀದಿದೀಪ ಹತ್ತಿದ್ದವು.

ಮೂರೂವರೆಗೆ ಈನಾ ತಾನೇ ಮೆಟ್ಟಿಲಿಳಿದು ಬಂದಳು, ಕೋಟು ತೊಟ್ಟು, ಕಾರಿನ ಕೀ ಕೈಯಲ್ಲಿ ಹಿಡಿದು. "ಇಲ್ಪೊ, ಊಟದ ಹೊತ್ತಲ್ಲಿ ನಾನು ಹಾಗೆ ಕೇಳ್ಬಾರ್ದಿತ್ತು, ಅದೂ ಎಲ್ಲರೆದುರಿಗೆ. ತಪ್ಪಾಯ್ತು. ಮುಂದಿನ ವಾರ ಒಂದಿನ ಇಲ್ಲಿ ಕೂತು ಈ ನಕ್ಷೆಗಳನ್ನ ತೋರಿಸ್ತೀರಾ?" "ಆಗಲಿ" ಎಂದ ಇಲ್ಪೊ. "ಥ್ಯಾಂಕ್ಸ್. ಮನಸ್ಸು ಹಗುರಾಯ್ತು" ಎಂದು ಅವಳು ನಕ್ಕು ಹೋದಳು. ಅರ್ಧ ನಿಮಿಷ ಹಿಡಿಯಲಿಲ್ಲ. ಎಷ್ಟು ಸಲೀಸು ಎಂದುಕೊಂಡ ಇಲ್ಪೊ, ಮತ್ತು ಅವಳು ಕ್ಷಮೆ ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದೂ. ಊಟದ ಹೊತ್ತಿನಿಂದ ಅವನು ಹೊತ್ತು ತಿರುಗಿದ್ದ ಗಾಯವನ್ನು ಅವಳು ಕಿತ್ತುಕೊಂಡು ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡು ಹೋಗಿದ್ದಳು. ಈಗ ಅವನು ಮಾಡಿದ್ದಕ್ಕೆ ಹಿಂದೆ ನಿಲ್ಲಲು ಏನೂ ಇರಲಿಲ್ಲ.

ಮೂರು ನಲವತ್ತೆಂಟಕ್ಕೆ ಆಟದ ಹೆಬ್ಬಾಗಿಲಿನಿಂದ ಹೊಸಬರೊಬ್ಬರು ಒಳಗೆ ಬಂದರು. ಹೆಸರಿಲ್ಲದವರಿಗೆ ಆಟವೇ ಕೊಡುವ ಹೆಸರು: ಅತಿಥಿ ಮೂರು. ಕೈಯಲ್ಲಿ ಏನಿಲ್ಲ, ಮೈಮೇಲೆ ಗೋಣಿಯಂಥ ಅಂಗಿ. ಖಾಸಗಿ ಮಾತು ಬಂತು.

"ಇಲ್ಪೊ, ಎರಡನೇ ಚಿತ್ರ ಏನಾಗಿತ್ತು?"

ನಾಲ್ಕು ಗಂಟೆಯ ವಿಷಯ ಅವಳಿಗೂ ಗೊತ್ತಿದೆ, ಹದಿನೇಳು ವರ್ಷ ಆಡಿದವರಿಗೆ ಗೊತ್ತಿರದೆ ಏನು. ಅದನ್ನು ಕೇಳುತ್ತಾಳೆಂದು ಕಾದ. ಅವಳು ಕೇಳಲಿಲ್ಲ, ಚಿತ್ರವನ್ನಷ್ಟೇ ಕೇಳಿದ್ದಳು. ಏನೂ ಆಗಿರಲಿಲ್ಲ ಎಂದು ಬರೆಯಲು ಎರಡು ಪದ ಸಾಕಿತ್ತು.

"ನಾಯಿ" ಎಂದು ಬರೆದ.

"ನಾಯಿನಾ" ಎಂದಳು. "ಪಾಪ. ಮೂರು ಸಲ ಮುಟ್ಟಿ ನೋಡ್ದೆ. ಅದಕ್ಕೆ ತಲೆನೂ ಇರ್ಲಿಲ್ಲ, ಕಾಲೂ ಇರ್ಲಿಲ್ಲ."

ಇಲ್ಪೊ ಗಡಿಯಾರ ನೋಡಿದ. ಮೂರು ಐವತ್ತೊಂದು.

"ಮೊದಲನೇದು ಮಾತ್ರ ತುಂಬ ಚೆನ್ನಾಗಿತ್ತು ಕಣೋ. ಕಿವಿ ತುದಿ ಕೂದಲು ಬೆರಳಿಗೆ ಸಿಕ್ಕಾಗ, ಅಷ್ಟು ಗಾಬರೀಲೂ ನಗು ಬಂತು ನಂಗೆ. ಚಿತ್ರ ಅಂದ್ರೆ ಏನು ಅಂತ ನಂಗೆ ಮೊದಲ ಸಲ ಗೊತ್ತಾಗಿದ್ದು ಅದು."

ಅತಿಥಿ ಮೂರು ಹೊರಟುಹೋದರು, ಎಂದಿತು ಆಟ. ನೋಯಿಸಲು ಹೇಳಿದ್ದೋ, ಹೇಳಬೇಕೆನ್ನಿಸಿ ಹೇಳಿದ್ದೋ, ಅವನಿಗೆ ತಿಳಿಯಲಿಲ್ಲ, ತಿಳಿಯುವುದು ಬೇಕಾಗಿಯೂ ಇರಲಿಲ್ಲ. ಕಾಗದ ಪಕ್ಕದಲ್ಲೇ ತೆರೆದಿತ್ತು, 'ಕಳಿಸು' ಎಂಬಲ್ಲಿಗೆ ಒಂದು ಗೇಣೂ ಇರಲಿಲ್ಲ. ಕಳಿಸುತ್ತೇನೆ, ಎಂದುಕೊಂಡ. ಇದನ್ನೊಂದು ಸಲ ಓದಿ ಕಳಿಸುತ್ತೇನೆ. ಓದಿದ. ಜಾಮು ಒಣಗಿದ ಪ್ಯಾನ್‌ಕೇಕನ್ನು ಕೈಯಲ್ಲೇ ಮುರಿದು ಬಾಯಿಗಿಟ್ಟುಕೊಂಡು ಮತ್ತೆ ಓದಿದ. 'ತುಂಬ' ಎಂದಿದ್ದಳು, ಬರೀ ಚೆನ್ನಾಗಿತ್ತು ಎನ್ನಬಹುದಾಗಿದ್ದಲ್ಲಿ. ಆ ಸಾಲು ಪರದೆಯಿಂದ ಮೇಲೆ ಸರಿದುಹೋಗದಂತೆ ನಕಲು ಮಾಡಿ ಬೇರೆ ಕಡೆ ಇಟ್ಟುಕೊಂಡ, ಅಲ್ಲಿ ಇನ್ನೊಮ್ಮೆ ಓದಿದ. ನಾಲ್ಕಕ್ಕೆ ಓಲುವಿನ ಯಂತ್ರ ದಿನದ ನಕಲು ತೆಗೆದುಕೊಂಡಿತು. ಅದರಲ್ಲಿ ಉಸ್ವಾ ಇರಲಿಲ್ಲ. ಇಲ್ಪೊನಿಗೆ ತುಂಬ ಖುಷಿಯಾಗಿತ್ತು, ಅದನ್ನು ಮುಚ್ಚಿಟ್ಟುಕೊಳ್ಳಬೇಕಾಗುವಂತೆ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.